ರಿಯಾಯತಿಯ ತಿಕೀಟು ಮತ್ತು ಮಾರಾಟದ ಧರ್ಮ

ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಪೂರ್ಣ ಸ್ವಾಮ್ಯವಿರುವದೆಂಬದು ಲೋಕದ ಸಾಮಾನ್ಯ ತಿಳುವಳಿಕೆಯು. ಬಾದಾಮಿಯ ಪೇಟೆಯಲ್ಲಿ ಜೋಳವನ್ನು ಕೊಂಡವನು ಅದನ್ನು ಉಣ್ಣಬಹುದು, ದಾನ ಮಾಡಬಹುದು, ಬೆಲೆ ಏರಿದಾಗ ಮಾರಲೂಬಹುದು. ಅವನನ್ನು ಯಾರೂ ಅಧರ್ಮಿಯೆನ್ನಲಾರರು. ಹಾಗಾದರೆ ರೇಲ್ವೆಯ ತಿಕೀಟನ್ನು, ಅದರಲ್ಲಿಯೂ ಕಡಮೆ ದರಕ್ಕೆ ದೊರೆತ ರಿಯಾಯತಿಯ ತಿಕೀಟನ್ನು, ಕೊಂಡವನು ಮತ್ತೊಬ್ಬನಿಗೆ ಲಾಭಕ್ಕೆ ಮಾರಿದರೆ ತಪ್ಪೇನು? ಹಣ ಕೊಟ್ಟದ್ದು ನಿಜ, ಕೊಳ್ಳುವವನು ಒಪ್ಪಿದ್ದು ನಿಜ, ಗಾಡಿಯಲ್ಲಿ ಸ್ಥಳವಿದ್ದದ್ದೂ ನಿಜ. ಮನೆಯಲ್ಲಿ ಕುಳಿತು ಅಂತರಜಾಲದಲ್ಲಿ ಕೊಂಡು ಅಲ್ಲಿಯೇ ಮಾರಿಬಿಡುವ ಅನುಕೂಲತೆಯು ಒದಗಿರುವ ಈ ಕಾಲದಲ್ಲಿ ಈ ಪ್ರಶ್ನೆಯು ವ್ಯಾಪಾರಿಗಳಿಗೆ ಮಾತ್ರ ಸಂಬಂಧಿಸಿದ್ದಾಗಿ ಉಳಿದಿಲ್ಲ. ಸುಶಿಕ್ಷಿತ ಕುಟುಂಬಗಳೂ ಇದನ್ನು ವಿಚಾರಿಸಬೇಕಾಗಿದೆ.

ರಿಯಾಯತಿಯೆಂದರೇನೆಂಬದನ್ನು ಮೊದಲು ನಿರ್ಧರಿಸಬೇಕು. ಇದಕ್ಕೆ ಮಲಪ್ರಭೆಯ ದಂಡೆಯ ಶಿವಯೋಗಮಂದಿರಕ್ಕಿಂತ ತಕ್ಕ ನಿದರ್ಶನವು ದೊರೆಯಲಾರದು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯಲ್ಲಿ ಗೋಮಯದಿಂದ ವಿಭೂತಿಯನ್ನು ತಯಾರಿಸುವರು. ಭಕ್ತರು ಅದಕ್ಕೆ ಬೆಲೆ ಕೊಟ್ಟು ಒಯ್ಯುವರು. ಅಲ್ಲಿಯೇ ಬಂದವರಿಗೆ ದಾಸೋಹದ ಪ್ರಸಾದವೂ ಉಂಟು, ಅದಕ್ಕೆ ಬೆಲೆಯಿಲ್ಲ. ಒಬ್ಬನು ವಿಭೂತಿಯ ಗಟ್ಟಿಗಳನ್ನು ಕೊಂಡೊಯ್ದು ತನ್ನ ಊರಿನಲ್ಲಿ ಸಾಗಣೆಯ ವೆಚ್ಚ ಕೂಡಿಸಿ ಮಾರಿದರೆ ಯಾರೂ ಆಕ್ಷೇಪಿಸಲಾರರು. ಆದರೆ ಪಂಕ್ತಿಯಲ್ಲಿ ಕುಳಿತು ಎಲೆಗೆ ಬಡಿಸಿಕೊಂಡ ಅನ್ನವನ್ನು ಹೊರಗೆ ಒಯ್ದು ಮಾರಿದರೆ ಅದನ್ನು ವ್ಯಾಪಾರವೆಂದು ಯಾರೂ ಕರೆಯರು. ಅನ್ನವು ಎರಡೂ ಕಡೆಗೆ ಅನ್ನವೇ. ಆದರೆ ಅದನ್ನು ಕೊಟ್ಟದ್ದು ಹಸಿದವನಿಗೆ, ಹಸಿವೆಯ ಕಾರಣದಿಂದ. ಆ ಕಾರಣವನ್ನು ಬಿಟ್ಟು ಅನ್ನವನ್ನು ಮಾತ್ರ ಎತ್ತಿಕೊಂಡು ಹೋಗುವ ಅಧಿಕಾರವು ಉಣ್ಣುವವನಿಗಿಲ್ಲ.

ರೇಲ್ವೆಯ ರಿಯಾಯತಿಯೂ ಇದೇ ಜಾತಿಯದು. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತವನ್ನು ಕಲಿತು, ಮುಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ವಿದ್ಯಾದಾನ ಮಾಡಿದ ಸಂಗತಿಯು ಈ ನಾಡಿನವರಿಗೆ ತಿಳಿದದ್ದೇ ಇದೆ. ಗದುಗಿನಿಂದ ಬಾದಾಮಿಗೆ ಬರುವ ಗಾಡಿಯನ್ನು ಹತ್ತುವ ಪೂರ್ಣ ಅಂಧನಿಗೆ ರೇಲ್ವೆಯವರು ಶಯನದರ್ಜೆಯಲ್ಲಿ ನೂರಕ್ಕೆ 75ರಷ್ಟು ದರವನ್ನು ಬಿಟ್ಟುಕೊಡುವರು; ಅವನ ಕೈಹಿಡಿದು ಬರುವ ಜೊತೆಗಾರನಿಗೂ ಅಷ್ಟನ್ನೇ ಬಿಡುವರು. ಈ ಜೊತೆಗಾರನ ಸ್ಥಳವನ್ನು ವಿಚಾರಿಸಿರಿ. ಅದು ಅವನ ಯೋಗ್ಯತೆಗಾಗಿ ದೊರೆತದ್ದಲ್ಲ. ಅಂಧನಿಗೆ ಒಂದು ಕೈ ಬೇಕೆಂಬುದಕ್ಕಾಗಿ ದೊರೆತದ್ದು. ಯಾವನಾದರೂ ಕಣ್ಣುಳ್ಳ ಪ್ರವಾಸಿಯು ಹಣ ಕೊಟ್ಟು ಆ ಸ್ಥಳವನ್ನು ಪಡೆದು, ಗಾಡಿ ಹೊರಟ ಮೇಲೆ ಅಂಧನ ಕಡೆಗೆ ತಿರುಗಿಯೂ ನೋಡದಿದ್ದರೆ, ಮಾರಿದ್ದು ತಿಕೀಟಲ್ಲ, ಅಂಧನ ಅಗತ್ಯವು. ಅದನ್ನು ಅಂಧನೇ ಮಾರಿದನೆಂದರೂ ಮಾತು ಬದಲಾಗದು. ಏಕೆಂದರೆ ಇಂಥ ಮಾರಾಟಗಳು ಹೆಚ್ಚಿದಂತೆ ಅನುಮಾನದ ಕಣ್ಣು ಬೀಳುವದು ಮುಂದಿನ ನಿಜವಾದ ಅಂಧನ ಮೇಲೆಯೇ.

ಮಾರುವವನು ಇಲ್ಲಿ ಒಂದು ವಾದವನ್ನು ಹೂಡುವನು: "ಕೊಟ್ಟವನಿಗೂ ಸಂತೋಷ, ಕೊಂಡವನಿಗೂ ಸಂತೋಷ, ನಷ್ಟವಾದದ್ದು ಯಾರಿಗೆ?" ಈ ವಾದವು ಹೊಸದಲ್ಲ. ಮೊದಲು ಹೋಗಿಬರುವ ಜೋಡು ತಿಕೀಟನ್ನು ಕಡಮೆ ದರಕ್ಕೆ ಕೊಡುವ ರೂಢಿಯಿತ್ತು. ಹೋದವನು ಮರಳದಿದ್ದರೆ ಉಳಿದ ಅರ್ಧವನ್ನು ಮತ್ತೊಬ್ಬನಿಗೆ ಮಾರುವ ಆಶೆಯು ಸಹಜವು. 1890ರ ರೇಲ್ವೆ ಕಾಯದೆಯು ಹಾಗೆ ಮಾರುವವನಿಗೂ ಕೊಳ್ಳುವವನಿಗೂ ದಂಡವನ್ನು ವಿಧಿಸಿತ್ತು. ಅರ್ಧ ತಿಕೀಟಿನ ಹಣವು ಮೊದಲೇ ಸಂದಿರುವಾಗ ಈ ಕಾಠಿಣ್ಯವೇಕೆಂದು ತೋರಬಹುದು. ಆದರೆ ದರವು ಇಳಿದದ್ದು ಹೋದವನೇ ಮರಳುವನೆಂಬ ಮಾತಿನ ಮೇಲೆ. ಆ ಮಾತನ್ನು ಮುರಿದು ಅದರ ಫಲವನ್ನು ಮಾತ್ರ ಇಟ್ಟುಕೊಳ್ಳುವದು ನ್ಯಾಯವಲ್ಲ. ನಷ್ಟವು ಒಬ್ಬನ ಹೆಸರಿನಲ್ಲಿ ಕಾಣದಿದ್ದರೆ ನಷ್ಟವೇ ಇಲ್ಲವೆನ್ನುವದು ಕೆರೆಯ ನೀರನ್ನು ರಾತ್ರಿ ಕದ್ದು ತಿರುಗಿಸಿಕೊಂಡವನ ತರ್ಕವು.

ಈಗಿನ ಕಾಯದೆಯು 1989ರದು. ಅದರ 143ನೆಯ ಕಲಮಿನಂತೆ, ಅಧಿಕಾರಪತ್ರವಿಲ್ಲದೆ ತಿಕೀಟುಗಳನ್ನು ಕೊಂಡು ಒದಗಿಸುವದನ್ನೇ ಉದ್ಯೋಗ ಮಾಡಿಕೊಂಡವನಿಗೆ 3 ವರ್ಷಗಳ ವರೆಗೆ ಸೆರೆಮನೆ, ಇಲ್ಲವೆ 10,000 ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ ಉಂಟು. ಅಂತರಜಾಲದ ತಿಕೀಟು ಹುಟ್ಟುವ ಮೊದಲೇ ಹುಟ್ಟಿದ ಈ ಕಾಯದೆಯು ಅದಕ್ಕೂ ಅನ್ವಯಿಸುವದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜನೇವರಿ 9ರಂದು ತೀರ್ಪಿತ್ತಿತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಅಂಶವೂ ಉಂಟು: ಅಧಿಕಾರಪತ್ರವುಳ್ಳ ಏಜಂಟನು ತನ್ನ ಕರಾರನ್ನು ಮೀರಿದರೆ ಅವನನ್ನು ಈ ಕಲಮಿನ ಕೆಳಗೆ ಶಿಕ್ಷಿಸಲಾಗದು, ಅದಕ್ಕೆ ದಿವಾಣಿ ಮಾರ್ಗವೇ ಬೇರೆ. ಕಾಯದೆಯ ದೃಷ್ಟಿಯಲ್ಲಿ ಇದು ಸರಿಯೇ. ಆದರೆ ಅಪರಾಧವಲ್ಲದ್ದೆಲ್ಲವೂ ಧರ್ಮವಾಗದೆಂಬದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆಯು ಸಿಗಲಾರದು. ಕಾಯದೆಯು ನಿಂತಲ್ಲಿ ಮನಸ್ಸಾಕ್ಷಿಯು ಮುಂದೆ ನಡೆಯಬೇಕಾಗುವದು.

ಇನ್ನು ಕಠಿಣವಾದ ಪ್ರಸಂಗಗಳಿಗೆ ಬರೋಣ. ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆಗೆ ಬರಬೇಕೆನ್ನುವ ಒಬ್ಬ ಮುದುಕಿಗೆ ಮೊಬೈಲು ಬಾರದು. ನೆರೆಮನೆಯ ಹುಡುಗನು ಅವಳ ಹೆಸರಿನಲ್ಲಿಯೇ ತಿಕೀಟು ತೆಗೆಸಿಕೊಟ್ಟರೆ ಅದು ಉಪಕಾರವು. ಗೆಳೆಯರಿಗೂ ಬಂಧುಗಳಿಗೂ ಹೀಗೆ ತೆಗೆದುಕೊಡಬಹುದೆಂದೂ, ಅದನ್ನು ವ್ಯಾಪಾರ ಮಾಡಕೂಡದೆಂದೂ ರೇಲ್ವೆ ಖಾತೆಯು 2024ರ ಜೂನಿನಲ್ಲಿ ಸ್ಪಷ್ಟಪಡಿಸಿತು. ಹೊರಡಲಾಗದವನು ತನ್ನ ಸ್ಥಳವನ್ನು ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಗಂಡ ಅಥವಾ ಹೆಂಡತಿಗೆ ಗಾಡಿ ಹೊರಡುವ 24 ತಾಸು ಮೊದಲು ಅರ್ಜಿ ಕೊಟ್ಟು ವರ್ಗಾಯಿಸಬಹುದು. ಇಲ್ಲೆಲ್ಲ ಕಾಣುವ ಭೇದವು ಒಂದೇ: ಪ್ರವಾಸಿಯ ಅಗತ್ಯವು ಮೊದಲು ಹುಟ್ಟಿ ತಿಕೀಟು ಅದನ್ನು ಹಿಂಬಾಲಿಸಿದರೆ ಅದು ಸೇವೆ, ತಿಕೀಟನ್ನು ಮೊದಲು ಬಚ್ಚಿಟ್ಟು, ಅಗತ್ಯವು ಬಾಯಿಬಿಡುವ ವರೆಗೆ ಕಾದರೆ ಅದು ಸುಲಿಗೆ. ಹತ್ತು ಹುಸಿ ಹೆಸರುಗಳಿಂದ ಸ್ಥಳಗಳನ್ನು ಹಿಡಿದಿಟ್ಟವನು ಸರತಿಯಲ್ಲಿ ನಿಂತವರ ಕಷ್ಟವನ್ನು ತಾನೇ ಹುಟ್ಟಿಸಿ, ಅದರ ಪರಿಹಾರಕ್ಕೆ ತಾನೇ ಬೆಲೆ ಕೇಳುವನು.

ಆದರೆ ದೋಷವನ್ನೆಲ್ಲ ಮಾರುವವನ ತಲೆಗೆ ಕಟ್ಟಿ ಸುಮ್ಮನಾಗುವದೂ ನ್ಯಾಯವಲ್ಲ. 60 ವರ್ಷ ತುಂಬಿದ ಗಂಡಸರಿಗೆ ನೂರಕ್ಕೆ 40, 58 ತುಂಬಿದ ಹೆಂಗಸರಿಗೆ 50ರಂತೆ ಇದ್ದ ರಿಯಾಯತಿಯನ್ನು 2020ರ ಮಾರ್ಚದಲ್ಲಿ ನಿಲ್ಲಿಸಲಾಯಿತು. ಪ್ರಾಮಾಣಿಕನ ಬಾಗಿಲು ಕಿರಿದಾದಷ್ಟು ಹಿತ್ತಲಬಾಗಿಲಿನ ವ್ಯಾಪಾರವು ಹಿರಿದಾಗುವದು. ಮೊಬೈಲು ಬಲ್ಲವನಿಗೆ ಕ್ಷಣದಲ್ಲಿ ದೊರೆಯುವ ಸ್ಥಳವು ಬಾರದವನಿಗೂ ದೊರೆಯುವಂತೆ ಮಾಡುವದು ಕೊಡುವವನ ಧರ್ಮವು. ದಾಸೋಹದ ಮನೆಯು ಪಂಕ್ತಿಯನ್ನು ನೆಟ್ಟಗಿಡದಿದ್ದರೆ ಬಲಿಷ್ಠನೇ ಎರಡು ಸಲ ಉಣ್ಣುವನು.

ಹೀಗಿರುವದರಿಂದ, ಅಗ್ಗದ ತಿಕೀಟೊಂದು ಕೈಗೆ ಬಂದಾಗ "ಇದರ ಹಣ ಸಂದಿದೆಯೆ?" ಎಂದು ಕೇಳಿದರೆ ಸಾಲದು. "ಇದು ಯಾರಿಗಾಗಿ ಅಗ್ಗವಾಯಿತು?" ಎಂದು ಕೇಳಬೇಕು. ಉತ್ತರದಲ್ಲಿ ತನ್ನ ಹೆಸರಿಲ್ಲದಿದ್ದರೆ, ಉಳಿದ ನಾಲ್ಕು ಕಾಸು ತನ್ನ ಜಾಣತನದ ಗಳಿಕೆಯಲ್ಲ. ನಿಲ್ದಾಣದಲ್ಲಿ ಇನ್ನೂ ನಿಂತಿರುವ ಯಾರದೋ ಬುತ್ತಿಯು.