ಬದಲಾದವರು ಯಾರು?

ಬ್ಯಾಡಗಿಯಲ್ಲಿ 1950ರಲ್ಲಿ ಹುಟ್ಟಿ ಅಲ್ಲೇ ಬಾಳಿದ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಹುಟ್ಟಿದಾಗ ಅವಳೂರು ಮುಂಬಯಿ ರಾಜ್ಯದಲ್ಲಿತ್ತು. 1956ರಲ್ಲಿ ಅವಳು ಮೈಸೂರು ರಾಜ್ಯದವಳಾದಳು, 1973ರಲ್ಲಿ ಕರ್ನಾಟಕದವಳು. 1997ರಲ್ಲಿ ಧಾರವಾಡ ಜಿಲ್ಲೆ ಹೋಗಿ ಹಾವೇರಿ ಜಿಲ್ಲೆ ಬಂತು. ಇಷ್ಟೆಲ್ಲ ಆಗುವಾಗ ಅವಳು ಅದೇ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ರಾಣೆಬೆನ್ನೂರಿಗೆ ಮದುವೆಯಾಗಿ ಹೋದ ಅವಳ ತಂಗಿಯ ವಿಳಾಸವೂ ಬದಲಾಯಿತು. ಆದರೆ ತಂಗಿ ಗಂಟುಮೂಟೆ ಕಟ್ಟಿಕೊಂಡು ತಾನೇ ಹೋದವಳು.

ಪರಮಾಣುವಿನೊಳಗಿನ ಲೋಕವನ್ನು ಲೆಕ್ಕ ಹಾಕುವವರಿಗೂ ಇಂಥ ಎರಡು ದಾರಿಗಳಿವೆ. 1925ರಲ್ಲಿ ಜರ್ಮನಿಯ ಹೈಸನ್‌ಬರ್ಗ್ ಒಂದು ಗಣಿತ ಹೂಡಿದ, 1926ರಲ್ಲಿ ಆಸ್ಟ್ರಿಯಾದ ಶ್ರೋಡಿಂಗರ್ ಇನ್ನೊಂದನ್ನು. ಶ್ರೋಡಿಂಗರನ ಹೆಸರಿನ ಚಿತ್ರದಲ್ಲಿ ಎಲೆಕ್ಟ್ರಾನಿನ ಸ್ಥಿತಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. 'ಎಲ್ಲಿದ್ದೀ, ಎಷ್ಟು ವೇಗ' ಎಂದು ನಾವು ಕೇಳುವ ಪ್ರಶ್ನೆಗಳ ಗಣಿತರೂಪ ನಿಂತಲ್ಲೇ ನಿಂತಿರುತ್ತದೆ. ಹೈಸನ್‌ಬರ್ಗನ ಹೆಸರಿನ ಚಿತ್ರದಲ್ಲಿ ಸ್ಥಿತಿ ಕದಲುವುದಿಲ್ಲ, ಪ್ರಶ್ನೆಗಳೇ ಕಾಲದೊಡನೆ ಬದಲಾಗುತ್ತವೆ. ಬರುವ ಉತ್ತರ ಮಾತ್ರ ಎರಡರಲ್ಲೂ ಒಂದೇ. ಇದು ಸರಿ, ಅದು ತಪ್ಪು ಎಂದು ಯಾವ ಪ್ರಯೋಗವೂ ತೀರ್ಪು ಕೊಡಲಾರದು. ಎರಡು ಗಣಿತಗಳೂ ಒಂದೇ ಎಂದು 1926ರಲ್ಲೇ ತೋರಿಸಿದವರಲ್ಲಿ ಸ್ವತಃ ಶ್ರೋಡಿಂಗರನೂ ಒಬ್ಬ. ಹಾಗಿದ್ದೂ ಒಬ್ಬನ ದಾರಿ ಇನ್ನೊಬ್ಬನಿಗೆ ಹಿಡಿಸುತ್ತಿರಲಿಲ್ಲ, ವಾರಗಿತ್ತಿಯರ ಅಡಿಗೆಯ ಹಾಗೆ!

ಇದು ನನ್ನನ್ನು ಕಾಡುವುದು ನಮ್ಮ ಮನೆಗಳಲ್ಲಿ ಕೇಳುವ ಒಂದು ಮಾತಿನಿಂದ: "ನೀ ಮೊದಲಿನಂಗ ಇಲ್ಲ ಬಿಡವಾ." ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಈ ಮಾತು ಬಂದೇ ಬರುತ್ತದೆ. ಮೊದಲು ಅವಳನ್ನು ಕೇಳುತ್ತಿದ್ದುದು "ರೊಟ್ಟಿ ಆತೇನು?" ಎಂದಷ್ಟೇ. ಈಗ ಅತ್ತೆಯ ಔಷಧ, ಮಗನ ಫೀಜು, ಸಂಘದ ಸಾಲದ ಕಂತು, ಎಲ್ಲವನ್ನೂ ಅವಳನ್ನೇ ಕೇಳಬೇಕು. ಉತ್ತರದ ದನಿ ಬೇರೆಯಾಗದೆ ಇದ್ದೀತೆ? ಅವಳು ಬದಲಾದಳೆಂದರೂ ಲೆಕ್ಕ ಕೂಡುತ್ತದೆ, ಪ್ರಶ್ನೆಗಳು ಬದಲಾದವೆಂದರೂ ಕೂಡುತ್ತದೆ. ಯಾವ ಚಿತ್ರ ಆರಿಸಿದರೂ ಎಲೆಕ್ಟ್ರಾನಿಗೆ ನೋವಿಲ್ಲ. ಮನೆಯಲ್ಲಿ ಹಾಗಲ್ಲ. ಒಂದು ಚಿತ್ರದಲ್ಲಿ ಅವಳೊಬ್ಬಳೇ ತಪ್ಪಿತಸ್ಥೆ. ಇನ್ನೊಂದರಲ್ಲಿ ಕೇಳುವವರೂ ಜವಾಬು ಹೇಳಬೇಕಾಗುತ್ತದೆ. ನಾವು ಸದಾ ಮೊದಲನೆಯದನ್ನೇ ಆರಿಸುವುದು ಲೆಕ್ಕದ ಅನುಕೂಲಕ್ಕಂತೂ ಅಲ್ಲ.

ಹಾಗೆಂದು ಇದನ್ನು ಬೇಕಾದ ಕಡೆಗೆಲ್ಲ ಎಳೆಯಲೂ ಬಾರದು. ಕುಡಿದು ಬಂದು ಹೊಡೆಯುವವನು "ನಾ ಅದೇ ಮನಶ್ಯಾ ಅದೇನಿ, ಕಾಲ ಕೆಟ್ಟೈತಿ" ಎಂದರೆ ಅದು ಹೈಸನ್‌ಬರ್ಗನ ಚಿತ್ರವಲ್ಲ, ಬರೀ ನೆವ. ಎರಡು ಚಿತ್ರಗಳು ಸಮವೆನ್ನಬೇಕಾದರೆ ಕೇಳಬಹುದಾದ ಪ್ರತಿಯೊಂದು ಪ್ರಶ್ನೆಗೂ ಎರಡರಲ್ಲೂ ಒಂದೇ ಉತ್ತರ ಬರಬೇಕು. ಅವನ ಹೆಂಡತಿಯ ಬೆನ್ನನ್ನು ಕೇಳಿದರೆ ಬರುವ ಉತ್ತರವೇ ಬೇರೆ.