ಪೆಟ್ಟಿಗೆಗೊಂದು ಮುನ್ನುಡಿ

ಮುನ್ನುಡಿ ಬರೆಯುವುದು ನನ್ನ ಹಳೆಯ ದೌರ್ಬಲ್ಯ. ಮೂವತ್ತು ವರ್ಷ ಮೇಷ್ಟರ ಕೆಲಸದಲ್ಲಿ ಸವೆದವನ ಬಳಿಗೆ ಹಳೆಯ ಶಿಷ್ಯರು ಹಸ್ತಪ್ರತಿ ಹಿಡಿದು ಬರುತ್ತಾರೆ. ನಾನೂ ಇಲ್ಲವೆನ್ನಲಾರದೆ ನಾಲ್ಕು ಸಾಲು ಗೀಚಿ ಕೊಡುತ್ತೇನೆ. ಕವನಸಂಗ್ರಹಕ್ಕೆ, ಪ್ರವಾಸಕಥನಕ್ಕೆ, ಒಮ್ಮೆ ಉಪ್ಪಿನಕಾಯಿಯ ಪುಸ್ತಕಕ್ಕೂ ಬರೆದದ್ದುಂಟು. ಆದರೆ ಒಂದು ಮರದ ಪೆಟ್ಟಿಗೆಗೆ ಮುನ್ನುಡಿ ಬರೆಯಬೇಕಾಗಿ ಬಂದದ್ದು, ಬರೆಯಲಾರದೆ ಒದ್ದಾಡಿದ್ದು, ಅದೇ ಮೊದಲು.

ಕೇಳಿದವನು ನನ್ನ ತಂಗಿಯ ಮಗ. ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ಹತ್ತಾರು ವರ್ಷ ಕಂಪ್ಯೂಟರಿನ ಮುಂದೆ ಕುಳಿತು ದುಡಿದವನು, ಒಂದು ದಿನ ಅದಕ್ಕೆ ಶರಣು ಹೊಡೆದು, ಮನೆಯ ಪಕ್ಕದ ಕಾರಿನ ಕೊಟ್ಟಿಗೆಯಲ್ಲಿ ಲೇತು ಹೂಡಿ ಮರಗೆಲಸಕ್ಕೆ ನಿಂತ. 2023ರ ಬೇಸಗೆಯಲ್ಲಿ ಅದೇ ಊರಿನಲ್ಲಿರುವ ನನ್ನ ಮಗಳ ಮನೆಗೆ ಹೋಗಿದ್ದಾಗ ಒಂದು ಸಂಜೆ ಅವನ ಕೊಟ್ಟಿಗೆಗೆ ಹೋದೆ. ಹೊಸದಾಗಿ ಮಾಡಿದ ಒಂದು ಮಾದರಿಯನ್ನು ನನ್ನ ಕೈಯಲ್ಲಿಟ್ಟು, "ಮಾವ, ಇದನ್ನು ರಸಿಕರಿಗೆ ಪರಿಚಯ ಮಾಡಿಕೊಡಬೇಕು. ಜೊತೆಗೆ ಇಡುವ ಚೀಟಿಗೆ ನಾಲ್ಕು ಸಾಲು ಬರೆದುಕೊಡಿ. ನೀವು ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷಿಗೆ ನಾನು ತಿರುಗಿಸಿಕೊಳ್ಳುತ್ತೇನೆ. ಇಲ್ಲಿಯವರು ಬರೆದರೆ ಎಲ್ಲ ಒಂದೇ ರಾಗ" ಎಂದ.

ಪೆಟ್ಟಿಗೆ ಎಂದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು: ಅದು ಗಾಂಜಾ ಸೇವಿಸುವ ಸಾಧನ. ಅವನ ಮಾತಿನಲ್ಲಿ 'ವೇಪೊರೈಸರ್'. ನಾನು ಚಿಲುಮೆ ಎಂದಾಗ ಅವನಿಗೆ ಸಿಟ್ಟೇ ಬಂತು. ಚಿಲುಮೆಯಲ್ಲಿ ಸೊಪ್ಪು ಉರಿಯುತ್ತದೆ, ಹೊಗೆಯಾಡುತ್ತದೆ. ಇದರಲ್ಲಿ ಉರಿಯೂ ಇಲ್ಲ, ಹೊಗೆಯೂ ಇಲ್ಲ. ಕೈಮುಷ್ಟಿಗಿಂತ ತುಸು ದೊಡ್ಡದಾದ ಮೇಪಲ್ ಮರದ ತುಂಡು. ನಡುವೆ ನೆಟ್ಟಗೆ ಕೊರೆದ ತೂತು. ಅದರೊಳಗೆ ಉಕ್ಕಿನ ಕೊಳವೆ, ಕೊಳವೆಯಲ್ಲಿ ವಿದ್ಯುತ್ತಿನಿಂದ ಕಾಯುವ ಪುಟ್ಟ ಸುರುಳಿ. ಗಾಜಿನ ನಳಿಗೆಯ ತುದಿಯಲ್ಲಿ ಚಿಟಿಕೆ ಸೊಪ್ಪಿಟ್ಟು, ಆ ತೂತಿನ ಬಾಯಿಗೆ ಸೇರಿಸಿ ಉಸಿರೆಳೆದರೆ ಕಾದ ಗಾಳಿ ಸೊಪ್ಪಿನ ನಡುವೆ ಹಾಯ್ದು ಬರುತ್ತದೆ. ಕಾವು 180ರಿಂದ 200 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿನಲ್ಲಿ ನಿಂತರೆ ಸೊಪ್ಪಿನ ಅಂಟುರಸ ಆವಿಯಾಗುತ್ತದೆ. ಸೊಪ್ಪು ಮಾತ್ರ ಸುಡದೆ, ಹುರಿದ ಹಾಗೆ ಕಂದುಬಣ್ಣಕ್ಕೆ ತಿರುಗಿ ಉಳಿಯುತ್ತದೆ. ಮರ ಶಾಖವನ್ನು ಸುಲಭವಾಗಿ ಹೊರಕ್ಕೆ ಬಿಡದು. ಒಳಗೆ ಅಷ್ಟು ಕಾವಿದ್ದರೂ ಅಂಗೈಗೆ ತಗಲುವುದು ಆಗತಾನೆ ಹಾಲು ಕುಡಿದಿಟ್ಟ ಲೋಟದ ಬಿಸಿಯಷ್ಟೇ. ಗಾಳಿ ಹಾಯುವ ದಾರಿಯಲ್ಲಿ ಗಾಜು ಮತ್ತು ಉಕ್ಕಲ್ಲದೆ ಬೇರೇನೂ ಇರಕೂಡದು. ವಾರ್ನಿಷು ಸೋಕಿದರೆ ಅದೂ ಕಾದು ಉಸಿರಿಗೆ ಸೇರೀತು. ಆದ್ದರಿಂದ ಹೊರಮೈಗೆ ಮಾತ್ರ ಜೇನುಮೇಣ.

ಕೈಯಲ್ಲಿ ಹಿಡಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಮರದ ಎಳೆಗಳು ಗಾಳಿಗೆ ನಡುಗಿದ ಕೆರೆಯ ನೀರಿನಂತೆ ಅಲೆಯಲೆಯಾಗಿದ್ದವು. ಒಂದು ಅಂಚೂ ಬೆರಳಿಗೆ ಚುಚ್ಚಲಿಲ್ಲ. ನಾನು ಚನ್ನಪಟ್ಟಣದಲ್ಲಿ ಮೇಷ್ಟರಾಗಿದ್ದಾಗ ಈ ಹುಡುಗ ಬೇಸಗೆ ರಜಕ್ಕೆ ಬರುತ್ತಿದ್ದ. ಊಟ ಮರೆತು ಒಬ್ಬ ಹಳೆಯ ಕೆಲಸಗಾರನ ಅಂಗಡಿಯ ಮುಂದೆ ನಿಂತುಬಿಡುತ್ತಿದ್ದ. ಹಾಲೆಮರದ ತುಂಡು ಗರಗರ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಬಣ್ಣ ಹರಡುತ್ತದೆ. ಮೇಲೆ ಒಣಗರಿಯಿಂದ ತಿಕ್ಕಿದರೆ ಹೊಳಪು. ಆ ಮೋಹ ಹುಡುಗನಲ್ಲಿ ಎಲ್ಲಿ ಅಡಗಿತ್ತೋ, ಮೂವತ್ತು ವರ್ಷದ ಮೇಲೆ ಏಳು ಸಮುದ್ರದಾಚೆ ಮೊಳೆತಿದೆ.

ಇಷ್ಟು ಮೆಚ್ಚಿದವನಿಗೆ ನಾಲ್ಕು ಸಾಲು ಭಾರವೆ? ಮೊದಲನೆಯ ಸಾಲಿಗೇ ಎಡವಿದೆ. 'ಮೂಲಿಕೆಪ್ರಿಯರಿಗಾಗಿ' ಎಂದು ಆರಂಭಿಸಬೇಕೆಂದು ಅವನ ಆಸೆ. ಆ ಕಸುಬಿನವರು ಹಾಗೆಯೇ ಬರೆಯುವುದಂತೆ. "ಯಾವ ಮೂಲಿಕೆಯಪ್ಪ, ತುಳಸಿಯೆ, ದೊಡ್ಡಪತ್ರೆಯೆ?" ಎಂದೆ. ಅವನು ನಕ್ಕ. ಆ ಮಾತಿಗೊಂದು ಚರಿತ್ರೆಯಿದೆ. 21 ವರ್ಷ ತುಂಬಿದವರು ಗಾಂಜಾ ಇಟ್ಟುಕೊಳ್ಳಬಹುದೆಂದು ಆರೆಗಾನಿನ ಮತದಾರರು 2014ರ ನವೆಂಬರಿನಲ್ಲಿ ತೀರ್ಮಾನಿಸಿದರು. 2015ರ ಜುಲೈಯಿಂದ ಅದು ಜಾರಿಗೆ ಬಂತು. ಒಕ್ಕೂಟದ ಕಾನೂನಾದರೋ ದಶಕಗಳ ಕಾಲ ಆ ವಸ್ತುವಿನ ಮೇಲೂ ಅದನ್ನು ಸೇವಿಸುವ ಸಾಮಗ್ರಿಯ ಮಾರಾಟದ ಮೇಲೂ ಕಣ್ಣು ಕೆಂಪಗೆ ಮಾಡಿಕೊಂಡೇ ಬಂದದ್ದು. ಆ ಅಂಜಿಕೆಯ ಕಾಲದ ಮುಸುಕು ಈ 'ಮೂಲಿಕೆ'. ಅಂಜಿಕೆ ಸಡಲಿದರೂ ಮುಸುಕು ಹೋಗಿಲ್ಲ. ಈಗ ಅದು ಅಲಂಕಾರವಾಗಿದೆ. ನಮ್ಮಲ್ಲಿಯೂ ಹೆಂಡವನ್ನು 'ತೀರ್ಥ' ಎನ್ನುವ ಭಕ್ತರಿದ್ದಾರಲ್ಲ, ಹಾಗೆ.

ಹೆಸರಿನ ಮಾತು ಇರಲಿ. ಉಪಯೋಗದ ಸುದ್ದಿಯೆತ್ತದೆ ಬರಿಯ ಕೆಲಸಗಾರಿಕೆಯನ್ನು ಹೊಗಳಬಾರದೆ? ಚನ್ನಪಟ್ಟಣದ ಆ ಮುದುಕ ಮಕ್ಕಳ ಗಿಲಿಕೆಯನ್ನೂ ಮಾಡುತ್ತಿದ್ದ, ಕುಂಕುಮದ ಭರಣಿಯನ್ನೂ ಮಾಡುತ್ತಿದ್ದ, ನಶ್ಯದ ಡಬ್ಬಿಯನ್ನೂ ಮಾಡುತ್ತಿದ್ದ. ನಶ್ಯವೆಂದರೆ ನನಗೆ ಅಸಹ್ಯ, ಒಮ್ಮೆ ಕೆಣಕಿದೆ. "ಮುಚ್ಚಳ ಸರಿಯಾಗಿ ಕೂತರೆ ನನ್ನ ಕೆಲಸ ಮುಗೀತು ಸ್ವಾಮಿ" ಎಂದ. ಆಗ ಆ ಉತ್ತರ ನನಗೆ ಬಹಳ ಹಿಡಿಸಿತ್ತು. ಕೈಯ ಧರ್ಮ ಮುಚ್ಚಳದವರೆಗೆ. ಅಲ್ಲಿಂದಾಚೆಗೆ ಮೂಗಿನ ಧರ್ಮ.

ಬುದ್ಧ ಇದನ್ನು ಒಪ್ಪುತ್ತಿರಲಿಲ್ಲವೆಂದು ತೋರುತ್ತದೆ. ಗೃಹಸ್ಥ ಮಾಡಬಾರದ ಐದು ವ್ಯಾಪಾರಗಳನ್ನು ಆತ ಹೆಸರಿಸಿದ್ದುಂಟು: ಆಯುಧ, ಜೀವಿಗಳು, ಮಾಂಸ, ಮಾದಕ, ವಿಷ. ಆದರೆ ಮಾದಕದ ಪಾತ್ರೆಯನ್ನು ಮಾಡುವ ಕುಂಬಾರ ಈ ಲೆಕ್ಕದಲ್ಲಿ ಬರುತ್ತಾನೆಯೆ? ಕುಂಬಾರನನ್ನು ಸೇರಿಸಿದರೆ ಮಣ್ಣು ತಂದವನನ್ನು ಬಿಡುವುದು ಹೇಗೆ? ಎಳೆದಷ್ಟೂ ಉದ್ದವಾಗುವ ನೂಲು ಇದು. ಪ್ಲೇಟೋ ಬೇರೊಂದು ದಾರಿ ಹಿಡಿದ. 'ರಿಪಬ್ಲಿಕ್' ಗ್ರಂಥದ ಹತ್ತನೆಯ ಭಾಗದಲ್ಲಿ ಅವನು ಹೇಳುವುದು ಹೀಗೆ: ಕೊಳಲು ಚೆನ್ನಾಗಿದೆಯೆ ಎಂದು ನಿಜವಾಗಿ ಬಲ್ಲವನು ಅದನ್ನು ನುಡಿಸುವವನು, ಮಾಡುವವನು ಅವನ ಮಾತನ್ನು ನಂಬಿ ಮಾಡುತ್ತಾನೆ, ಅದನ್ನು ವರ್ಣಿಸುವ ಮೂರನೆಯವನಿಗೆ ಎರಡೂ ತಿಳಿಯದು. ನಾನೋ, ಕೊರೆದವನೂ ಅಲ್ಲ, ಎಳೆದವನೂ ಅಲ್ಲ, ಮುನ್ನುಡಿಕಾರ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ನನ್ನಂಥವರಿಗೆ ಗೇಟು ಮುಚ್ಚಿದ ಪುಣ್ಯಾತ್ಮ ಅವನು.

ಇದನ್ನು ಅಳಿಯನಿಗೆ ಹೇಳಿದರೆ ಅವನು ಪ್ಲೇಟೋವಿಗೆ ಸೊಪ್ಪು ಹಾಕುವವನಲ್ಲ. "ಜನ ಹೇಗೂ ಸೇದುತ್ತಾರೆ ಮಾವ; ಸುಟ್ಟು ಸೇದುವುದಕ್ಕಿಂತ ಇದು ವಾಸಿಯಲ್ಲವೆ?" ಎಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೊನಾಲ್ಡ್ ಏಬ್ರಮ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ 18 ಮಂದಿಯ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ತೆಗೆದು ತೋರಿಸಿದ: ರಕ್ತಕ್ಕೆ ಸೇರುವ ಮತ್ತಿನ ಅಂಶ ಎರಡು ರೀತಿಯಲ್ಲಿಯೂ ಹೆಚ್ಚುಕಡಮೆ ಒಂದೇ, ಆದರೆ ಆವಿಯೆಳೆದಾಗ ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡು ಬಹಳ ಕಡಮೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ವಾಂತಿಗೆಂದು ಆ ಗಿಡದ ಮುಖ್ಯ ಸತ್ತ್ವವನ್ನು ಕೃತಕವಾಗಿ ತಯಾರಿಸಿದ ಗುಳಿಗೆಗೆ ಅಮೆರಿಕದ ಔಷಧ ಇಲಾಖೆ 1985ರಲ್ಲೇ ಒಪ್ಪಿಗೆಯಿತ್ತದ್ದನ್ನೂ ಹೇಳಿದ. (ನಮ್ಮ ದೇಶ ಮಾದಕವಸ್ತುಗಳ ಕಾಯಿದೆ ಮಾಡಿ ಗಾಂಜಾವನ್ನು ನಿಷೇಧಿಸಿದ್ದೂ ಅದೇ ವರ್ಷವೇ. ಆ ಕಾಯಿದೆಯಲ್ಲಿ ಗಾಂಜಾ ಎಂದರೆ ಗಿಡದ ಹೂಗೊನೆ. ಬರಿಯ ಎಲೆ ಅದರಲ್ಲಿ ಸೇರದು. ಭಂಗಿಯ ಉಪಾಸಕರು ಆ ಸಂದಿನಲ್ಲಿ ಬದುಕಿಕೊಂಡಿದ್ದಾರೆ.) 2019ರಲ್ಲಿ ಅದೇ ದೇಶದಲ್ಲಿ ಆವಿಯೆಳೆದು ಶ್ವಾಸಕೋಶ ಕೆಟ್ಟು ಸಾವಿರಾರು ಜನ ಆಸ್ಪತ್ರೆ ಸೇರಿದರಲ್ಲ, 2020ರ ಫೆಬ್ರವರಿಯ ಹೊತ್ತಿಗೆ 68 ಜನ ಸತ್ತರಲ್ಲ ಎಂದು ನಾನು ಎತ್ತಿದೆ. "ಅದು ಎಣ್ಣೆಯ ಆವಿ. ಎಣ್ಣೆಗೆ ಬೆರೆಸಿದ ವಿಟಮಿನ್-ಇ ಅಸಿಟೇಟು ಮುಖ್ಯ ಕಾರಣವೆಂದು ಗೊತ್ತಾಯಿತು. ಇದರಲ್ಲಿ ಎಣ್ಣೆಯೇ ಇಲ್ಲ" ಎಂದ. ಅದೂ ನಿಜ. ಕೊನೆಗೆ ಬ್ರಹ್ಮಾಸ್ತ್ರ: "ಬೆಳಗ್ಗೆ ಫಿಲ್ಟರ್ ಕಾಫಿ ತಡವಾದರೆ ನಿಮ್ಮ ಮುಖ ನೋಡುವವರಾರು?"

ಬಾಯಿ ಮುಚ್ಚಿಕೊಂಡೆ, ಆದರೆ ಸೋತೆನೆಂದು ಅನ್ನಿಸಲಿಲ್ಲ. 'ಅದಕ್ಕಿಂತ ಇದು ವಾಸಿ' ಎಂಬ ಮಾತು ಈಗಾಗಲೇ ಸೇದುತ್ತಿರುವವನಿಗೆ ಹಿತ. ಎಂದೂ ಸೇದದವನಿಗೆ ಅದೇ ಮಾತು ಆಹ್ವಾನ. ಸುಂದರವಾದ ವಸ್ತುವಿಗೆ ಇವರಿಬ್ಬರ ಭೇದ ತಿಳಿಯದು. ಮಣ್ಣಿನ ಚಿಲುಮೆಯನ್ನು ಕಂಡು ಯಾವ ಸಂಭಾವಿತನ ನಾಲಗೆಯೂ ಚುರುಗುಟ್ಟಲಿಕ್ಕಿಲ್ಲ. ಈ ಪೆಟ್ಟಿಗೆಯನ್ನು ಕಂಡರೆ, ನಿಜ ಹೇಳುತ್ತೇನೆ, ಎಪ್ಪತ್ತೆರಡು ವರ್ಷದ ನನಗೇ ಆ ಗಾಜಿನ ನಳಿಗೆಯನ್ನು ತುಟಿಗಿಟ್ಟು ನೋಡೋಣವೆ ಎನ್ನಿಸಿತು. ನನಗಾದರೆ ಕೆಡುವ ವಯಸ್ಸು ಮೀರಿದೆ. ಹದಿನೇಳರ ಹುಡುಗನಿಗೆ ಅನ್ನಿಸಿದರೆ? ಎಳೆಯ ಪ್ರಾಯದವರಿಗೂ ದಿನವೂ ಸೇವಿಸುವವರಿಗೂ ಅದರಿಂದ ಬುದ್ಧಿ ಕದಡುವ ಅಪಾಯ ಹೆಚ್ಚೆಂದು ವೈದ್ಯರು ಹೇಳುತ್ತಲೇ ಇದ್ದಾರೆ.

ಹದಿನೇಳು ಎಂದದ್ದು ಬಾಯಿಮಾತಿಗಲ್ಲ. 1990ರ ಸುಮಾರಿನಲ್ಲಿ, ಬೇರೊಂದು ಊರಿನ ಕಾಲೇಜಿನಲ್ಲಿ, ನನ್ನ ತರಗತಿಯಲ್ಲಿ ಆ ವಯಸ್ಸಿನ ಒಬ್ಬ ಹುಡುಗನಿದ್ದ. ಅವನ ಪದ್ಯಗಳಲ್ಲಿ ಕನ್ನಡ ತಾನಾಗಿ ನಡೆಯುತ್ತಿತ್ತು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅವನ ಆರು ಪದ್ಯಗಳನ್ನು ಹಾಕಿ, ಮೇಲೆ ನಾಲ್ಕು ಸಾಲು ನಾನೇ ಬರೆದೆ. ಪದ್ಯಗಳಲ್ಲಿ 'ಕನಸಿನ ಮಂಜು' ಇದೆಯೆಂದು ಹೊಗಳಿದ ನೆನಪು. ಆ ಮಂಜು ಎಲ್ಲಿಂದ ಬರುತ್ತಿತ್ತೆಂದು ನನಗೆ ಗೊತ್ತಿತ್ತು. ಮಧ್ಯಾಹ್ನದ ತರಗತಿಗೆ ಅವನು ಬರುತ್ತಿದ್ದ ಕಣ್ಣುಗಳನ್ನು ನೋಡಿದ್ದೆ, ಅಂಗಿಯ ವಾಸನೆಯನ್ನೂ ಬಲ್ಲೆ. ಕರೆದು ಒಂದು ಮಾತು ಕೇಳಲಿಲ್ಲ. ಪದ್ಯ ಚೆನ್ನಾಗಿತ್ತು, ಮುಚ್ಚಳ ಸರಿಯಾಗಿ ಕೂತಿತ್ತು. ಮರುವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ಬಹಳ ಕಾಲದ ಮೇಲೆ ಬಸ್ ನಿಲ್ದಾಣದಲ್ಲಿ ಅವನ ತಂದೆ ಸಿಕ್ಕಿದರು. ಮಗ ಮನೆಯಲ್ಲೇ ಇದ್ದಾನೆ, ಯಾರ ಜೊತೆಗೂ ಮಾತಾಡುವುದಿಲ್ಲ ಎಂದರು. ಆ ಸಂಚಿಕೆಯನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದಾರಂತೆ. "ನೀವು ಎಷ್ಟು ಚೆನ್ನಾಗಿ ಬರೆದಿದ್ದಿರಿ, ಮೇಷ್ಟ್ರೆ" ಎಂದರು.

ಗಾಂಜಾ ಸೇದಿದವರೆಲ್ಲ ಹಾಗಾಗುವುದಿಲ್ಲ, ಹಾಗಾದವರೆಲ್ಲ ಗಾಂಜಾದಿಂದಲೇ ಆದರೆಂದೂ ಹೇಳಲಾಗದು. ನಾನು ಕೇಳಿದ್ದರೆ ಅವನು ಬಿಡುತ್ತಿದ್ದನೆಂಬ ಭ್ರಮೆಯೂ ನನಗಿಲ್ಲ. ಆದರೂ ಮುಚ್ಚಳದವರೆಗೆ ನನ್ನ ಕೆಲಸ ಎನ್ನುವ ಹಕ್ಕು ಚನ್ನಪಟ್ಟಣದ ಮುದುಕನಿಗೆ ಇದ್ದಿರಬಹುದು, ನನಗಿರಲಿಲ್ಲ. ಅವನು ಡಬ್ಬಿಯನ್ನು ಮಾಡಿ ಸುಮ್ಮನಿದ್ದ. ಮಾತಾಡುವ ಕೆಲಸ ಅವನದಲ್ಲ. ನಾನು ಮಾತಾಡಿದೆ, ಹೇಳಬೇಕಾದ್ದೊಂದನ್ನು ಬಿಟ್ಟು.

ಅಂತೂ ಊರಿಗೆ ಹೊರಡುವ ಹಿಂದಿನ ದಿನ ಅಳಿಯನಿಗೆ ನಾಲ್ಕು ಸಾಲು ಬರೆದುಕೊಟ್ಟೆ. ಇದು ಮೇಪಲ್ ಮರದ್ದು, ಒಬ್ಬನೇ ಮನುಷ್ಯ ಕೈಯಾರೆ ಮಾಡಿದ್ದು. ನೀರಿನಲ್ಲಿ ಅದ್ದಬೇಡಿ, ಒಣಬಟ್ಟೆಯಿಂದ ಒರೆಸಿ. ಇದರಲ್ಲಿ ಹಾಕುವುದು ಗಾಂಜಾ. ಹೊಗೆ ಇಲ್ಲವೆಂದ ಮಾತ್ರಕ್ಕೆ ಮತ್ತು ಇಲ್ಲವೆಂದಲ್ಲ. ಮನೆಯಲ್ಲಿ ಎಳೆಯರಿದ್ದರೆ ಇದನ್ನು ಮೇಜಿನ ಮೇಲೆ ಅಂದಕ್ಕಾಗಿ ಇಡಬೇಡಿ. ಓದಿ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಕಾನೂನಿನ ನೋಟೀಸಿನ ಹಾಗಿದೆ, ಮಾವ" ಎಂದ. ಮೊದಲೆರಡು ಸಾಲುಗಳನ್ನು ಅಚ್ಚು ಹಾಕಿಸಿದ್ದಾನೆಂದು ಆಮೇಲೆ ತಿಳಿಯಿತು.

ಹೊರಡುವಾಗ ಅಮ್ಮನಿಗೆಂದು ಅವನು ಒಂದು ತುಂಡು ಕೊಟ್ಟಿದ್ದ. ಕೊರೆಯುವಾಗ ತೂತು ಓರೆಯಾಗಿ ಕೆಟ್ಟದ್ದು. ಕೊಳವೆಯಿಲ್ಲ, ಸುರುಳಿಯಿಲ್ಲ, ಮರ ಮಾತ್ರ. ಮೈಸೂರಿನಲ್ಲಿ ನನ್ನ ತಂಗಿ ಅದನ್ನು ದೇವರ ಮನೆಯಲ್ಲಿಟ್ಟು, ತೂತಿನಲ್ಲಿ ಒಂದಿಷ್ಟು ಅಕ್ಕಿ ತುಂಬಿ ಊದಿನಕಡ್ಡಿ ಸಿಕ್ಕಿಸಿದ್ದಾಳೆ. ಮಗ ಮರದ ಪೆಟ್ಟಿಗೆಗಳನ್ನು ಮಾಡುತ್ತಾನೆಂದು ನೆರೆಹೊರೆಗೆಲ್ಲ ತೋರಿಸಿದ್ದಾಳೆ. ಕಳೆದ ಸಲ ಹೋಗಿದ್ದಾಗ, "ಅಣ್ಣ, ಊದಿನಕಡ್ಡಿಗೆ ಇಷ್ಟು ದೊಡ್ಡ ತೂತು ಏಕೆ ಕೊರೆದಿದ್ದಾನೆ?" ಎಂದು ಕೇಳಿದಳು.

ಹೇಳಿದೆ. ಮುಸುಕು ಹಾಕದೆ ಹೇಳಿದೆ. ಅವಳು ಊದಿನಕಡ್ಡಿಯನ್ನು ತೆಗೆಯಲಿಲ್ಲ. ಬೂದಿ ಬೀಳುವವರೆಗೆ ಅದನ್ನೇ ನೋಡುತ್ತ ಕುಳಿತಿದ್ದು, "ಅವನು ಸೇದುತ್ತಾನೆಯೆ?" ಎಂದಳು.

ಎರಡು ತಿಂಗಳು ಆ ಊರಿನಲ್ಲಿದ್ದು, ಬುದ್ಧನಿಂದ ಪ್ಲೇಟೋವಿನವರೆಗೆ ಅವನೊಂದಿಗೆ ವಾದ ಮಾಡಿ ಬಂದವನು ನಾನು. ಅದೊಂದನ್ನು ಕೇಳಿರಲಿಲ್ಲ.