ಕಲ್ಯಾಣದ ಕಾಲದ ತಾರೆ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ರಾತ್ರಿ ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆಯ ಆಕಾಶ ನನಗೊಂದು ಹಳೆಯ ಸಂಗತಿಯನ್ನು ನೆನಪಿಸುತ್ತದೆ. 1054ರಲ್ಲಿ, ಚಾಲುಕ್ಯ ಒಂದನೆಯ ಸೋಮೇಶ್ವರ ಇದೇ ಕಲ್ಯಾಣದಿಂದ ಆಳುತ್ತಿದ್ದಾಗ, ವೃಷಭ ರಾಶಿಯಲ್ಲಿ ಹೊಸ ತಾರೆಯೊಂದು ಬೆಳಗಿತು. ಅದು 23 ದಿನ ಹಗಲಲ್ಲೂ ಕಂಡಿತೆಂದು ಚೀನೀಯರು ಬರೆದಿಟ್ಟರು. ಬಗ್ದಾದಿನ ವೈದ್ಯ ಇಬ್ನ್ ಬುತ್ಲಾನ್ ಅದಕ್ಕೂ ಆಗಿನ ಸಾಂಕ್ರಾಮಿಕ ರೋಗಕ್ಕೂ ನಂಟು ಹಾಕಿದ.

ಅದು ಹೊಸ ತಾರೆಯಲ್ಲ, ಸುಮಾರು 6500 ಜ್ಯೋತಿರ್ವರ್ಷ ದೂರದಲ್ಲಿ ಸಿಡಿದು ಸತ್ತ ನಕ್ಷತ್ರ. ಅದರ ತಿರುಳು ಇಂದಿಗೂ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತಿದೆ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಅದನ್ನೂ ಪರೀಕ್ಷಿಸಿದೆ.

ಇಬ್ನ್ ಬುತ್ಲಾನ್ ದಡ್ಡನಲ್ಲ, ದೊಡ್ಡ ವಿದ್ವಾಂಸ. ಆದರೂ ಕಾರಣ ತಿಳಿಯದಾಗ ಅಪರಿಚಿತವಾದದ್ದರ ಮೇಲೆ ತಪ್ಪು ಹೊರಿಸಿದ. ತಾರೆಗೆ ಅದರಿಂದ ಏನೂ ಆಗಲಿಲ್ಲ. ನಮ್ಮ ಗಲ್ಲಿಗೆ ಹೊಸದಾಗಿ ಬಂದ ಮನುಷ್ಯನ ಮೇಲೆ ಹೊರಿಸಿದರೆ? ದೂರದ ತಾರೆಗೆ ತೋರುವ ತಾಳ್ಮೆ ಪಕ್ಕದ ಮನೆಯವನಿಗೂ ಸಲ್ಲಬೇಡವೆ?